ಕೈ ನಡುಕಕ್ಕೆ ಒಲಿದ ತಂತಿ ಕಾಲಿಗೇಕೆ ಒಲಿಯಲಿಲ್ಲ?

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ‘ನಡುಗುವ ಪಾರ್ಶ್ವವಾಯು’ ಕುರಿತು ಒಂದು ಕಿರುಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರು ವರ್ಣಿಸಿದ್ದು ಆರೇ ಮಂದಿ ರೋಗಿಗಳನ್ನು. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು. ಮತ್ತೊಬ್ಬರನ್ನು ದೂರದಿಂದ ಕಂಡದ್ದಷ್ಟೆ. ಕೈ ನಡುಕದಷ್ಟೇ ಅವರ ನಡಿಗೆಯೂ ಪಾರ್ಕಿನ್ಸನ್ ಅವರ ಗಮನ ಸೆಳೆದಿತ್ತು. ಮೈ ಮುಂದಕ್ಕೆ ಬಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ನಡೆಯಹೊರಟವರು ತಮಗೇ ಬೇಡದಿದ್ದರೂ ಓಡತೊಡಗುತ್ತಾರೆ.

ಮುಂದೆ ರೋಗಕ್ಕೆ ಪಾರ್ಕಿನ್ಸನ್ ಹೆಸರೇ ನಿಂತಿತು. ಆದರೆ ಶಸ್ತ್ರವೈದ್ಯರು ಬಹುಕಾಲ ಬೆನ್ನು ಹತ್ತಿದ್ದು ಕೈ ನಡುಕವನ್ನು. ಕಾಲಿನ ಸರದಿ ಬಂದದ್ದು ತಡವಾಗಿ.

ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಒಂದು ಚಿಕ್ಕ ಭಾಗವನ್ನು ಸುಟ್ಟು ನಡುಕ ನಿಲ್ಲಿಸುವ ಪದ್ಧತಿ ಬಳಕೆಗೆ ಬಂತು. ಸುಟ್ಟದ್ದು ಮತ್ತೆ ಬಾರದು. ಎರಡೂ ಬದಿಯಲ್ಲಿ ಸುಟ್ಟರೆ ಮಾತು ಕೆಡುವ ಭಯ ಬೇರೆ. 1960ರ ದಶಕದ ಕೊನೆಯಲ್ಲಿ ಲೆವೊಡೋಪ ಔಷಧಿ ಬಂದ ಮೇಲೆ ಈ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ನಮ್ಮ ಕಡೆಯ ನಸುಗುನ್ನಿ ಬೀಜದಲ್ಲೂ ಇರುವ ಈ ರಾಸಾಯನಿಕ, ಮಿದುಳಿನಲ್ಲಿ ಕುಂದಿದ ಡೋಪಮಿನ್ ಕೊರತೆಯನ್ನು ತುಂಬುತ್ತದೆ. ಆದರೆ ವರ್ಷಗಳು ಕಳೆದಂತೆ ಒಂದೊಂದು ಗುಳಿಗೆಯ ಪ್ರಭಾವದ ಅವಧಿ ಕಿರಿದಾಗುತ್ತ ಬರುತ್ತದೆ. ಮೈಕೈ ತಾನಾಗಿ ಹೊಯ್ದಾಡುವ ಹೊಸ ಕಾಟವೂ ಶುರುವಾಗುತ್ತದೆ. ಹೀಗಾಗಿ ವೈದ್ಯರು ಮತ್ತೆ ಶಸ್ತ್ರಚಿಕಿತ್ಸೆಯತ್ತ ತಿರುಗಬೇಕಾಯಿತು.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಆಲಿಂ ಲೂಯಿ ಬೆನಾಬಿದ್ ಹೊಸ ದಾರಿ ಹಿಡಿದರು. ಸುಡುವ ಮುನ್ನ ಜಾಗ ಸರಿಯಾಗಿದೆಯೇ ಎಂದು ತಿಳಿಯಲು ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ನೋಡುವುದು ವಾಡಿಕೆ. ಸೆಕೆಂಡಿಗೆ ನೂರರಷ್ಟು ಮಿಡಿತಗಳನ್ನು ಹರಿಸಿದಾಗ ನಡುಕ ತಟ್ಟನೆ ನಿಲ್ಲುವುದನ್ನು ಅವರು ಗಮನಿಸಿದ್ದರು. ಹಾಗಿದ್ದರೆ ಸುಡುವುದೇಕೆ? ತಂತಿಯನ್ನು ಅಲ್ಲಿಯೇ ಬಿಟ್ಟು, ಎದೆಯ ಚರ್ಮದಡಿ ಇಟ್ಟ ಪೇಸ್‌ಮೇಕರ್‌ನಂಥ ಸಾಧನದಿಂದ ಸದಾ ಮಿಡಿತ ಕೊಡಬಹುದಲ್ಲ! ಬೇಡವಾದರೆ ನಿಲ್ಲಿಸಲೂಬಹುದು. ಮಿದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ನೀಡುವ ಚಿಕಿತ್ಸೆ, ‘ಡೀಪ್ ಬ್ರೇನ್ ಸ್ಟಿಮ್ಯುಲೇಶನ್’, ಬೆಳೆದದ್ದು ಹೀಗೆ. ಆದರೆ ಥಲಾಮಸ್‌ಗೆ ಇಳಿಸಿದ ತಂತಿ ನಡುಕ ನಿಲ್ಲಿಸಿತೇ ಹೊರತು ಕಾಲಿನ ಬಿಗಿತವನ್ನು ಸಡಿಲಿಸಲಿಲ್ಲ.

ಹೊಸ ಜಾಗದ ಸುಳಿವು ಸಿಕ್ಕಿದ್ದು ಒಂದು ದುರಂತದಿಂದ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಿಸಿದ ಮಾದಕ ದ್ರವ್ಯ ಚುಚ್ಚಿಕೊಂಡ ಕೆಲವರು ಮರದ ಕೊರಡಿನಂತೆ ಸೆಟೆದುಹೋದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷ, ಡೋಪಮಿನ್ ತಯಾರಿಸುವ ಜೀವಕೋಶಗಳನ್ನೇ ಕೊಂದಿತ್ತು. ಅದೇ ವಿಷ ನೀಡಿದ ಮಂಗಗಳ ಮೇಲೆ ಪ್ರಯೋಗ ನಡೆಸಿದ ಮಾಹ್ಲನ್ ಡಿಲಾಂಗ್ ಮತ್ತು ಸಂಗಡಿಗರು, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಅವರೆಕಾಳಿನಂಥ ಭಾಗವನ್ನು ನಿಷ್ಕ್ರಿಯಗೊಳಿಸಿದರೆ ಅವು ಮತ್ತೆ ಚಲಿಸುತ್ತವೆಂದು 1990ರಲ್ಲಿ ತೋರಿಸಿದರು. 1993ರಲ್ಲಿ ಬೆನಾಬಿದ್ ತಂಡ ಆ ಜಾಗಕ್ಕೇ ತಂತಿ ಇಳಿಸಿತು. ಬಿಗಿತ ಸಡಿಲವಾಯಿತು, ಹೆಜ್ಜೆ ಉದ್ದವಾಯಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಇದಕ್ಕೆ ಒಪ್ಪಿಗೆ ನೀಡಿತು.

ಆದರೂ ಒಂದು ತೊಡಕು ಉಳಿಯಿತು. ಬಾಗಿಲು ದಾಟುವಾಗ, ತಿರುಗುವಾಗ ರೋಗಿಯ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಮೈ ಮುಂದೆ ಹೋಗುತ್ತದೆ, ಕಾಲು ಬರುವುದಿಲ್ಲ; ರೋಗಿ ಬೀಳುತ್ತಾರೆ. ಗುಳಿಗೆ ನುಂಗಿದಾಗ ಈ ಸ್ತಂಭನ ಸಡಿಲಗೊಳ್ಳುವುದಾದರೆ ತಂತಿಯಿಂದಲೂ ಸಾಮಾನ್ಯವಾಗಿ ಸಡಿಲಗೊಳ್ಳುತ್ತದೆ. ಗುಳಿಗೆಗೂ ಬಗ್ಗದ ಸ್ತಂಭನಕ್ಕೆ ತಂತಿಯಿಂದ ಹೆಚ್ಚಿನ ಭರವಸೆ ಇಲ್ಲ. ಹಲವರಲ್ಲಿ ವರ್ಷಗಳ ನಂತರವೂ ಕೈ ನಡುಕ ಹತೋಟಿಯಲ್ಲಿರುತ್ತದೆ, ನಡಿಗೆ ಮಾತ್ರ ಕೈಕೊಡುತ್ತದೆ.

ಕಾರಣವೇನು? ನಡಿಗೆ ಡೋಪಮಿನ್ ಒಂದನ್ನೇ ನೆಚ್ಚಿಕೊಂಡಿಲ್ಲ. 1966ರಲ್ಲೇ ಮಾಸ್ಕೋದಲ್ಲಿ ಶಿಕ್, ಸೆವೆರಿನ್, ಒರ್ಲೊವ್‌ಸ್ಕಿ ಎಂಬ ವಿಜ್ಞಾನಿಗಳು ಇದರ ಬೇರನ್ನು ತೋರಿಸಿದ್ದರು. ಮಿದುಳಿನ ಮೇಲ್ಭಾಗದ ಸಂಪರ್ಕ ಕಡಿದ ಬೆಕ್ಕನ್ನು ಚಲಿಸುವ ಪಟ್ಟಿಯ ಮೇಲೆ ನಿಲ್ಲಿಸಿ, ನಡುಮಿದುಳಿನ ಒಂದು ಬಿಂದುವಿಗೆ ವಿದ್ಯುತ್ ಹರಿಸಿದಾಗ ಅದು ನಡೆಯಿತು. ವಿದ್ಯುತ್ ಹೆಚ್ಚಿಸಿದಾಗ ಓಡಿತು! ಪಾರ್ಕಿನ್ಸನ್ ರೋಗದಲ್ಲಿ ಈ ಪ್ರದೇಶದ ಜೀವಕೋಶಗಳೂ ಸಾಯುತ್ತವೆ. ಅವುಗಳಲ್ಲಿ ಅನೇಕವು ಬಳಸುವ ರಾಸಾಯನಿಕ ಅಸಿಟೈಲ್‌ಕೋಲಿನ್; ಲೆವೊಡೋಪ ಅದನ್ನು ತುಂಬಿಕೊಡಲಾರದು.

2005ರಲ್ಲಿ ಬ್ರಿಸ್ಟಲ್ ಮತ್ತು ರೋಮ್‌ನ ವೈದ್ಯರು ಇದೇ ಪ್ರದೇಶಕ್ಕೆ ತಂತಿ ಇಳಿಸಿದ ವರದಿ ಪ್ರಕಟಿಸಿದರು. ಆಮೇಲಿನ ಪ್ರಯತ್ನಗಳಲ್ಲಿ ಕೆಲವರು ಬೀಳುವುದು ಕಡಿಮೆಯಾಯಿತು. ಹಲವರಿಗೆ ಪ್ರಯೋಜನ ಕಾಣಲಿಲ್ಲ. 2008ರಲ್ಲಿ ಫ್ರಾನ್ಸಿನ ವೈದ್ಯರು ಹಳೆಯ ತಂತಿಯ ಮಿಡಿತವನ್ನೇ ಸೆಕೆಂಡಿಗೆ 130ರಿಂದ 60ಕ್ಕೆ ಇಳಿಸಿದಾಗ ಕೆಲವರ ಸ್ತಂಭನ ತಗ್ಗಿತು. ಆದರೆ ಮಿಡಿತ ಇಳಿಸಿದರೆ ಕೆಲವರಲ್ಲಿ ನಡುಕ ಮರಳುವುದೂ ಉಂಟು. ಕೈಗೆ ಬೇಕಾದದ್ದೇ ಬೇರೆ, ಕಾಲಿಗೆ ಬೇಕಾದದ್ದೇ ಬೇರೆ.

ಆದ್ದರಿಂದಲೇ ಇಂದು ತಲೆಗೆ ತಂತಿ ಇಳಿಸುವ ಮುನ್ನ ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಗುಳಿಗೆ ನಿಲ್ಲಿಸಿ ಒಮ್ಮೆ, ಗುಳಿಗೆ ಕೊಟ್ಟು ಇನ್ನೊಮ್ಮೆ ರೋಗಿಯನ್ನು ಎದ್ದು ನಡೆಯಲು ಹೇಳುತ್ತಾರೆ. ಎರಡು ನಡಿಗೆಗಳ ವ್ಯತ್ಯಾಸ, ತಂತಿಯಿಂದ ಕಾಲು ಎಷ್ಟನ್ನು ನಿರೀಕ್ಷಿಸಬಹುದೆಂದು ಹೇಳಿಬಿಡುತ್ತದೆ. ಲಂಡನ್ನಿನ ಬೀದಿಯಲ್ಲಿ ಪಾರ್ಕಿನ್ಸನ್ ಮಾಡಿದ್ದೂ ಅದನ್ನೇ: ನಡೆಯುವವರನ್ನು ನಿಂತು ನೋಡಿದ್ದು.