ಭಂಡಾರಕ್ಕೊಬ್ಬ ಭಂಡಾರಿ

ನವಲಗುಂದ, ಕುಂದಗೋಳದ ಕಡೆ ‘ಭಂಡಾರ’ ಅಂದರೆ ಮೊದಲು ಕಣ್ಣಿಗೆ ಕಟ್ಟುವುದು ಅರಿಷಿಣ. ಬೀರಪ್ಪನ ಗುಡಿಯಲ್ಲಿ ಹಣೆಗೆ ಬಳಿದುಕೊಳ್ಳುವುದು, ಪಲ್ಲಕ್ಕಿಯ ಮೇಲೆ ತೂರುವುದು, ಮೈಲಾರಲಿಂಗನ ಗೊರವಯ್ಯ ಚರ್ಮದ ಚೀಲದಿಂದ ಚಿಟಿಕೆ ತೆಗೆದು ಕೊಡುವುದು, ಎಲ್ಲವೂ ಭಂಡಾರವೇ. ‘ಭಂಡಾರ ಮುಟ್ಟಿ ಹೇಳು’ ಅಂದರೆ ಎಂಥ ಸುಳ್ಳುಗಾರನೂ ತಡವರಿಸುತ್ತಾನೆ. ಅದೇ ಊರಿನ ಹುಡುಗಿ ಡಿಗ್ರಿ ಕಾಲೇಜಿಗೆ ಬಂದಾಗ ‘ಗ್ರಂಥಭಂಡಾರ’ ಎಂಬ ಮಾತು ಎದುರಾಗುತ್ತದೆ. ಆಡುವಾಗ ಮಾತ್ರ ಎಲ್ಲರ ಬಾಯಲ್ಲೂ ಲೈಬ್ರರಿಯೇ.

ಪದದ ಬೇರು ಸಂಸ್ಕೃತದ ಭಾಂಡಾಗಾರ. ಭಾಂಡವೆಂದರೆ ಪಾತ್ರೆ, ಸರಕು, ಆಗಾರವೆಂದರೆ ಮನೆ. ಪ್ರಾಕೃತದ ಬಾಯಲ್ಲಿ ಸವೆದು ಭಂಡಾರವಾಗಿ, ಕನ್ನಡದಲ್ಲಿ ಅರಸರ ಬೊಕ್ಕಸವಾಯಿತು. ಬಿಜ್ಜಳನ ಬೊಕ್ಕಸ ನೋಡಿಕೊಂಡ ಬಸವಣ್ಣ ಜನರ ಪಾಲಿಗೆ ಭಕ್ತಿಭಂಡಾರಿ. ಹೊಯ್ಸಳರ ಭಂಡಾರಿ ಹುಳ್ಳರಾಜ 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ್ದು ಭಂಡಾರಿ ಬಸದಿ. ಅರಿಷಿಣಕ್ಕೆ ಈ ಹೆಸರು ಅಂಟಿದ್ದು, ದೇವರ ಬೊಕ್ಕಸದಿಂದ ಭಕ್ತನ ಕೈಗೆ ಬಂದದ್ದು ಎಂಬ ಭಾವದಿಂದ ಇದ್ದೀತು. ಇದು ನನ್ನ ಊಹೆ. ಹಿಂದಿಯವರಂತೂ ಊರಿಗೆಲ್ಲ ಊಟ ಹಾಕುವುದನ್ನೇ ಭಂಡಾರಾ ಅನ್ನುತ್ತಾರೆ.

ಪುಸ್ತಕದ ನಂಟು ಹೊಸದೇನಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಕಲಿಯುವವರೇ 200 ಮಂದಿ, ಶಾಸ್ತ್ರ ಕಲಿಯುವವರು ಬೇರೆ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಗುರುಗಳು. ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಕಲಿಸುವವರೆಷ್ಟೋ ಪುಸ್ತಕ ನೋಡಿಕೊಳ್ಳುವವರೂ ಅಷ್ಟೇ! ಇಂದಿನ ತಾಲೂಕು ಕಾಲೇಜಿಗೆ ಒಬ್ಬರು ಸಿಕ್ಕರೆ ಪುಣ್ಯ.

ಭಂಡಾರಕ್ಕೆ ಬೀಗವೂ ಉಂಟು. ಮೂಡುಬಿದಿರೆಯ ಬಸದಿಯ ಶ್ರುತಭಂಡಾರದಲ್ಲಿ ಜೈನ ಸಿದ್ಧಾಂತದ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಟ್ಟಲೆ ಪೂಜೆಗೊಂಡವು, ಓದಿಗೆ ದಕ್ಕಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು, 1939ರಿಂದ ಅಚ್ಚಾಗತೊಡಗಿದವು. ಬೀಗ ಇಲ್ಲದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲವೇನೋ, ಆ ಮಾತೂ ನಿಜ. ಆದರೆ ಕಾಲೇಜಿನ ಗಾಜಿನ ಕಪಾಟಿಗೆ ಆ ನೆಪ ಸಲ್ಲದು.

ಕೌಂಟರಿನ ಮುಂದೆ ಅರ್ಧ ತಾಸು ನಿಂತು ನೋಡಿ. ‘ಸರ್, ಹೋದ ವರ್ಷದ ಕ್ವಶ್ಚನ್ ಪೇಪರ್ ಅದಾವೇನ್ರೀ?’ ‘ಬೇಂದ್ರೆಯವರ ಪುಸ್ತಕ ಯಾವ ಕಪಾಟಿನ್ಯಾಗ?’ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಪಾಟಿನ ಮೇಲೆ ಆ ಸಂಖ್ಯೆಯ ಚೀಟಿ ಕಂಡರೆ ಅರ್ಧ ದಾರಿ ಸವೆದಂತೆ. ಇನ್ನೊಬ್ಬನಿಗೆ ಎನ್-ಲಿಸ್ಟ್ ಪಾಸ್‌ವರ್ಡ್ ಬೇಕು. ಕಾಲೇಜು ಸದಸ್ಯವಾಗಿದ್ದರೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಒದಗಿಸುವ ಇ-ಪತ್ರಿಕೆಗಳು ಅವನ ಮೊಬೈಲಿಗೇ ಬರುತ್ತವೆ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಪುಕ್ಕಟೆ.

ಕಷ್ಟ ಶುರುವಾಗುವುದು ಸಂಶೋಧನೆಗೆ ಇಳಿದಾಗ. ಅಣ್ಣಿಗೇರಿಯ ಹುಡುಗಿಯೊಬ್ಬಳು ತನ್ನೂರಿನ ಶಾಸನಗಳ ಮೇಲೆ ಪ್ರಾಜೆಕ್ಟ್ ಬರೆಯಹೊರಟಳು ಅನ್ನಿ. ಅಮೃತೇಶ್ವರ ಗುಡಿ ಮನೆ ಪಕ್ಕದಲ್ಲೇ ಇದೆ; ಪಂಪನ ತಮ್ಮ ಜಿನವಲ್ಲಭನ ಶಾಸನದಲ್ಲಿ ಅವರ ತಾಯಿಯ ಕಡೆಯ ಊರಾಗಿ ಬರುವುದೂ ಇದೇ ಅಣ್ಣಿಗೇರಿ. ಆದರೆ ಈ ಸೀಮೆಯ ಶಾಸನಪಾಠಗಳನ್ನು ಹುಡುಕಬೇಕಾದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ, ಅದೂ ‘ಬಾಂಬೆ-ಕರ್ನಾಟಕ’ ಎಂಬ ಹೆಸರಿನ ಸಂಪುಟಗಳಲ್ಲಿ. ಧಾರವಾಡ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತೆಂಬುದು ಗೊತ್ತಿಲ್ಲದವರು ಬಾಂಬೆ ಎಂದು ಹುಡುಕುವುದಾದರೂ ಯಾಕೆ? ಅದನ್ನು ಹೇಳಿಕೊಡುವವರೇ ಭಂಡಾರಿಗರು. ಸಂಪುಟ ತಮ್ಮಲ್ಲಿ ಇಲ್ಲದಿದ್ದರೆ, 1939ರಲ್ಲಿ ಶುರುವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲಿನ ಪರಿಚಯಪತ್ರ ಬರೆದು, ಸೀಲು ಹೊಡೆದು, ‘ನಾಳೆ ಮುಂಜಾನೆ ಬಸ್ಸಿಗೇ ಹೋಗವಾ’ ಎಂದು ಕಳಿಸಿಕೊಡುತ್ತಾರೆ.