ಮಣ್ಣಿನಡಿಯ ಓಲೆಗಳು



ಭೂಮಿಯಲ್ಲಿ ಸಂಚರಿಸಿ, ಗತಿಸಿದ ಜನಾಂಗಗಳ ಅಂತ್ಯವನ್ನು ಅವಲೋಕಿಸಲು ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಕರಣೆ ಹಿಡಿದು ಮಣ್ಣಿಗಿಳಿದು ಇಂತಹ ಅವಲೋಕನ ಮಾಡಬಹುದಾದ ಒಂದು ಸ್ಥಳವನ್ನು ನಿಮಗೆ ಪರಿಚಯಿಸುತ್ತೇನೆ.

ಉತ್ತರ ಇಂಗ್ಲೆಂಡಿನಲ್ಲಿ ವಿಂಡೊಲಾಂಡಾ ಎಂಬ ರೋಮನ್ ಸೇನಾಕೋಟೆಯ ಅವಶೇಷವಿದೆ. ಕ್ರಿ.ಶ. 122ರಲ್ಲಿ ಚಕ್ರವರ್ತಿ ಹೇಡ್ರಿಯನ್ ಸಮೀಪದಲ್ಲೇ ತನ್ನ ಪ್ರಸಿದ್ಧ ಗೋಡೆಯನ್ನು ಕಟ್ಟಿಸಲು ಆರಂಭಿಸುವ ಮೊದಲೇ ಇಲ್ಲಿ ಸೈನಿಕರಿದ್ದರು. ಹಳೆಯ ಮರದ ಕಟ್ಟಡಗಳನ್ನು ಕೆಡವಿ, ಅದರ ಮೇಲೆ ಜೇಡಿಮಣ್ಣು ಹಾಸಿ ಹೊಸತನ್ನು ಕಟ್ಟುತ್ತಿದ್ದರು. ಗಾಳಿಯಾಡದ ಆ ತೇವದ ಪದರಗಳಲ್ಲಿ ಮರ, ಚರ್ಮ, ಬಟ್ಟೆಗಳು ಕೊಳೆಯದೆ ಉಳಿದವು.

1973ರಲ್ಲಿ ರಾಬಿನ್ ಬರ್ಲಿಯವರ ನೇತೃತ್ವದ ಉತ್ಖನನದಲ್ಲಿ ಮಸಿಯಿಂದ ಬರೆದ ತೆಳುವಾದ ಮರದ ಹಾಳೆಗಳು ದೊರೆತವು. ಮುಂದೆ ಇಂತಹ ನೂರಾರು ಓಲೆಗಳು ಸಿಕ್ಕವು. ಒಂದರಲ್ಲಿ ಯಾರೋ ಕಾಲುಚೀಲ, ಚಪ್ಪಲಿ ಕಳುಹಿಸಿದ ವಿಷಯವಿದೆ. ಇನ್ನೊಂದರಲ್ಲಿ, ಕ್ರಿ.ಶ. 100ರ ಸುಮಾರಿಗೆ, ಕ್ಲಾಡಿಯಾ ಸೆವೆರಾ ಎಂಬಾಕೆ ತನ್ನ ಹುಟ್ಟುಹಬ್ಬಕ್ಕೆ ಗೆಳತಿಯನ್ನು ಕರೆದಿದ್ದಾಳೆ. ಕೊನೆಯ ಸಾಲುಗಳು ಆಕೆಯದೇ ಕೈಬರಹ. ಮಹಿಳೆಯೊಬ್ಬಳು ಲ್ಯಾಟಿನ್‌ನಲ್ಲಿ ಬರೆದ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು.

ಬೇಸಿಗೆಯ ತಿಂಗಳುಗಳಲ್ಲಿ ಸ್ವಯಂಸೇವಕರೂ ಇಲ್ಲಿ ಅಗೆಯುತ್ತಾರೆ. ಶುಲ್ಕವಿದೆ, ಪೂರ್ವಾನುಭವ ಕಡ್ಡಾಯವಲ್ಲ. ಮಣ್ಣು ಕೆರೆಯುವುದು, ತಳ್ಳುಗಾಡಿಯಲ್ಲಿ ಸಾಗಿಸುವುದು, ಮಡಕೆ ಚೂರುಗಳನ್ನು ತೊಳೆಯುವುದು ದಿನದ ಕೆಲಸ. ಸಿಕ್ಕ ವಸ್ತು ಯಾವ ಪದರದಲ್ಲಿ, ಯಾವುದರ ಜೊತೆಗಿತ್ತು ಎಂಬುದನ್ನು ದಾಖಲಿಸಲೇಬೇಕು. ಏಕೆಂದರೆ ಒಮ್ಮೆ ಅಗೆದ ಪದರವನ್ನು ಮತ್ತೆ ಜೋಡಿಸಲಾಗದು. ದಾಖಲೆಯಿಲ್ಲದೆ ಕಿತ್ತ ವಸ್ತು ಬಹುಮಟ್ಟಿಗೆ ಮೂಕವಾಗುತ್ತದೆ.

ಪದರಗಳನ್ನು ಓದುವ ಈ ಶಿಸ್ತನ್ನು ಭಾರತದಲ್ಲಿ ಬೆಳೆಸಿದವರಲ್ಲಿ ಮಾರ್ಟಿಮರ್ ವ್ಹೀಲರ್ ಪ್ರಮುಖರು. ಇಂಗ್ಲೆಂಡಿನಲ್ಲಿ ವೆರುಲೇಮಿಯಂ ಎಂಬ ರೋಮನ್ ನಗರವನ್ನು ಅಗೆದಿದ್ದ ಅವರು, 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತಿವೆ!

ವಿಂಡೊಲಾಂಡಾಕ್ಕೆ ಹೋಗುವುದು ಎಲ್ಲರಿಗೂ ಸಾಧ್ಯವಾಗದು. ಆದರೆ ಅಲ್ಲಿನ ಪಾಠ ಎಲ್ಲರಿಗೂ ಸಲ್ಲುತ್ತದೆ. ನಾಳೆ ನಿಮ್ಮೂರಿನ ಹೊಲ ಉಳುವಾಗ, ಮನೆಯ ಪಾಯ ತೋಡುವಾಗ ಹಳೆಯ ನಾಣ್ಯವೋ ಶಾಸನವೋ ಕಂಡರೆ ಅದನ್ನು ಮಾರಬೇಡಿ, ಕೆದಕಬೇಡಿ. ಇದ್ದ ಜಾಗವನ್ನು ಗುರುತಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಒಂದು ತುಂಡು ಮರ ಸಾವಿರದ ಒಂಬೈನೂರು ವರ್ಷಗಳ ಬಳಿಕ ಮಾತನಾಡಿದೆ. ನಮ್ಮ ಮಣ್ಣಿನಲ್ಲಿರುವುದಕ್ಕೂ ಆ ಅವಕಾಶ ಸಿಗಬೇಕು.

ಸರ್ವಶಕ್ತನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ.