ಗುಂಡಿನ ತೂಕ, ಜೀವದ ತೂಕ

ಮಲೆನಾಡಿನಲ್ಲಿ ಅದನ್ನು ಕೋವಿ ಎನ್ನುತ್ತಾರೆ. ಮನೆಯಲ್ಲಿ ಉರ್ದು ಆಡುವ ನಮಗೆ ಅದು ಬಂದೂಕ್. ಕನ್ನಡಕ್ಕೂ ಅದು ಬಂದೂಕಾಗಿಯೇ ಬಂದಿದೆ. ಹಿಂದೂ ಮಹಾಸಾಗರದ ಆಚೆ ದಡದ ಮೊಂಬಾಸಾದಲ್ಲಿ ಸ್ವಾಹಿಲಿ ಮಾತನಾಡುವವರು ಅದನ್ನೇ ಬುಂದುಕಿ ಎನ್ನುತ್ತಾರೆ. ಅರಬ್ಬಿಯಲ್ಲಿ ಬುಂದುಕ್ ಎಂದರೆ ಮೊದಲು ಗಟ್ಟಿ ಸಿಪ್ಪೆಯ ಒಂದು ಸಣ್ಣ ಕಾಯಿ. ಬಿಲ್ಲಿನಿಂದ ಹೊಡೆಯುತ್ತಿದ್ದ ಗೋಲಿಗೆ ಆ ಕಾಯಿಯ ಹೆಸರು ಬಂತು. ಅಲ್ಲಿಂದ ಸೀಸದ ಗುಂಡಿಗೆ, ಕೊನೆಗೆ ಗುಂಡು ಹಾರಿಸುವ ಆಯುಧಕ್ಕೆ. ಸಫಾರಿ ಎಂಬ ಮಾತೂ ಹೀಗೆಯೇ. ನಮ್ಮ ಅಜ್ಜಿಯರು ಹಜ್ಜಿಗೆ ಹೊರಟವರನ್ನು ಬೀಳ್ಕೊಡುವಾಗ ಹೇಳುತ್ತಿದ್ದ 'ಸಫರ್' ಎಂಬ ಪದವೇ ಆಫ್ರಿಕಾದ ಕಾಡಿಗೆ ಹೋಗಿ ಬಿಳಿಯ ದೊರೆಗಳ ಬೇಟೆಯ ಪಯಣವಾಯಿತು.

ನಾವು ಬೇಟೆಗಾರರಲ್ಲ. ಆದರೆ ಆಫ್ರಿಕಾದ ಬೇಟೆಗಾರರು ಬರೆದಿಟ್ಟ ಪುಸ್ತಕಗಳನ್ನು ಓದುತ್ತಾ ಹೋದಂತೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಯಾವ ಗುಂಡು ಎಷ್ಟು ತೂಕ, ಎಷ್ಟು ವೇಗ, ಆನೆಯ ತಲೆಬುರುಡೆಯಲ್ಲಿ ಎಷ್ಟು ಆಳಕ್ಕೆ ಇಳಿಯಿತು ಎಂಬ ಲೆಕ್ಕ ಅಲ್ಲಿ ಅಕ್ಕಸಾಲಿಗನ ತಕ್ಕಡಿಯಷ್ಟು ಕರಾರುವಾಕ್ಕಾಗಿದೆ. ಗುಂಡು ತಿಂದವರ ಲೆಕ್ಕ ಮಾತ್ರ ಅಷ್ಟು ನಿಖರವಾಗಿಲ್ಲ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನಮ್ಮ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಬೇಟೆಗಾರರ ಕೈಯಲ್ಲಿದ್ದದ್ದು ಕರಿಮದ್ದು ಮತ್ತು ಸೀಸ. ಬಂದೂಕಿನ ಅಳತೆಯನ್ನು ಆಗ 'ಬೋರ್' ಎಂದು ಹೇಳುತ್ತಿದ್ದರು. ಒಂದು ಪೌಂಡ್ ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ಗುಂಡು ಎರಕ ಹೊಯ್ಯಬಹುದೋ ಅದೇ ಬೋರ್. ನಾಲ್ಕು ಬೋರ್ ಎಂದರೆ ಒಂದೊಂದು ಗುಂಡೂ ಕಾಲು ಪೌಂಡ್, ಸುಮಾರು 113 ಗ್ರಾಂ. ಇಷ್ಟಾದರೂ ಆನೆ ಬೀಳುತ್ತಿರಲಿಲ್ಲ. ಮೆತ್ತನೆಯ ಸೀಸ ಎಲುಬಿಗೆ ಬಡಿದು ಚಪ್ಪಟೆಯಾಗುತ್ತಿತ್ತು. ಅದಕ್ಕೆ ತವರ ಬೆರೆಸಿ ಗಟ್ಟಿ ಮಾಡುತ್ತಿದ್ದರು. 1840ರ ದಶಕದಲ್ಲಿ ಬೇಟೆಯಾಡಿದ ಸ್ಕಾಟ್ಲೆಂಡಿನ ಗೋರ್ಡನ್ ಕಮಿಂಗ್ ಒಂದು ಗಂಡಾನೆಯನ್ನು ಕುಂಟಾಗಿಸಿ ನಿಲ್ಲಿಸಿ, ಕಾಫಿ ಕಾಯಿಸಿ ಕುಡಿದು, ಆಮೇಲೆ ಅದರ ಮೈಯ ಯಾವ ಭಾಗಕ್ಕೆ ಹೊಡೆದರೆ ಏನಾಗುತ್ತದೆಂದು ಒಂದೊಂದೇ ಗುಂಡು ಹಾರಿಸಿ ಪರೀಕ್ಷಿಸಿದ್ದನ್ನು ಆತನೇ ಬರೆದುಕೊಂಡಿದ್ದಾನೆ. ಆ ಪುಸ್ತಕ 1850ರಲ್ಲಿ ಅಚ್ಚಾಯಿತು. ಗುಂಡಿನ ಸಾಮರ್ಥ್ಯದ ಈ ವಿಜ್ಞಾನ ಶುರುವಾದದ್ದು ಇಂಥ ಪ್ರಯೋಗಗಳಿಂದ.

ಸ್ಯಾಮ್ಯುಯೆಲ್ ಬೇಕರ್ ಎಂಬಾತ ಸಿಂಹಳದಲ್ಲಿ ಆನೆಗಳನ್ನು ಹಣೆಗೆ ಗುರಿಯಿಟ್ಟು ಹೊಡೆದು ಪಳಗಿದವನು. 1861ರಲ್ಲಿ ನೈಲ್ ನದಿಯ ಉಪನದಿಗಳ ಸೀಮೆಗೆ ಬಂದಾಗ ಅದೇ ಹಣೆಯ ಗುರಿ ಅವನಿಗೆ ಕೈಕೊಟ್ಟಿತು. ಆಫ್ರಿಕಾದ ಆನೆಯ ತಲೆಯ ರಚನೆಯೇ ಬೇರೆ. ಬುರುಡೆಯ ಎಲುಬು ಜೇನುಗೂಡಿನಂತೆ ಗಾಳಿಯ ಗೂಡುಗಳಿಂದ ತುಂಬಿರುತ್ತದೆ. ಮಿದುಳು ಅದರೊಳಗೆ ಹಿಂದೆ, ಕೆಳಗೆ, ಕಿವಿಗಳ ನಡುವೆ ಅಡಗಿರುತ್ತದೆ. ಗುರಿ ಸ್ವಲ್ಪ ತಪ್ಪಿದರೂ ಕಾಲು ಪೌಂಡಿನ ಗುಂಡು ಆ ಗೂಡುಗಳಲ್ಲಿ ಹೂತುಹೋಗಿ ಆನೆ ತಲೆ ಕೊಡವಿ ಹೊರಟುಬಿಡುತ್ತದೆ. ಬೇಕರನ ಬಳಿ ಅರ್ಧ ಪೌಂಡಿನ ಸಿಡಿಗುಂಡು ಹಾರಿಸುವ ಇನ್ನೊಂದು ಬಂದೂಕಿತ್ತು. ಅದಕ್ಕೆ ಅವನಿಟ್ಟ ಹೆಸರು 'ಬೇಬಿ'. ಅರಬರು ಅದನ್ನು ತೋಪಿನ ಕೂಸು ಎಂದು ಕರೆದರು. ಹಾರಿಸಿದರೆ ಹಿಮ್ಮೊಗೆತಕ್ಕೆ ತಾನೇ ಗಿರಕಿ ಹೊಡೆಯುತ್ತಿದ್ದೆನೆಂದು ಬೇಕರ್ ಬರೆದಿದ್ದಾನೆ.

ಅದೇ ಸೀಮೆಯಲ್ಲಿ ಹಮ್ರಾನ್ ಅರಬರು ಆನೆಯನ್ನು ಖಡ್ಗದಿಂದಲೇ ಬೇಟೆಯಾಡುತ್ತಿದ್ದರು. ಒಬ್ಬ ಕುದುರೆಯೇರಿ ಆನೆಯ ಎದುರು ಸುಳಿದು ಅದನ್ನು ಕೆಣಕಿ ಓಡಿಸಿಕೊಂಡು ಹೋಗಬೇಕು. ಇನ್ನೊಬ್ಬ ಹಿಂದಿನಿಂದ ಬಂದು, ಓಡುವ ಕುದುರೆಯಿಂದ ಜಿಗಿದು, ಆನೆಯ ಹಿಂಗಾಲಿನ ನರವನ್ನು ಒಂದೇ ಏಟಿಗೆ ಕತ್ತರಿಸಬೇಕು. ಎಡಗೈ ಊನವಾಗಿದ್ದ ರೋದರ್ ಷರೀಫ್ ಎಂಬಾತ ಆನೆಯ ಎದುರು ಕುದುರೆ ಆಡಿಸುವುದನ್ನು ನೋಡಿ ಬೇಕರ್ ಬೆರಗಾಗಿದ್ದ. ಇದೂ ಕ್ರೌರ್ಯವೇ, ಸಂಶಯವಿಲ್ಲ. ಆದರೆ ಈ ಬೇಟೆಯಲ್ಲಿ ಸಾಯುವ ಸಾಧ್ಯತೆ ಎರಡೂ ಕಡೆಗೆ ಇತ್ತು. ಮುಂದೆ ಬಂದ ಬಂದೂಕಿನ ಚರಿತ್ರೆ ಎಂದರೆ ಆ ಸಾಧ್ಯತೆಯನ್ನು ಒಂದು ಕಡೆಯಿಂದ ಮೆಲ್ಲಮೆಲ್ಲನೆ ಅಳಿಸಿಹಾಕಿದ ಚರಿತ್ರೆ.

1871ರಲ್ಲಿ ಹತ್ತೊಂಬತ್ತರ ವಯಸ್ಸಿನಲ್ಲಿ ಆಫ್ರಿಕಾಕ್ಕೆ ಬಂದ ಫ್ರೆಡರಿಕ್ ಸೆಲೂಸ್ ನಾಲ್ಕು ಬೋರಿನ ಬಂದೂಕುಗಳಿಂದ ಆನೆ ಹೊಡೆದು ಹೆಸರು ಮಾಡಿದ. ಒಮ್ಮೆ ತಪ್ಪಿ ಎರಡು ಸಲ ಮದ್ದು ತುಂಬಿದ್ದ ಬಂದೂಕು ಅವನನ್ನೇ ಎತ್ತಿ ಎಸೆಯಿತು. ಆ ಭಾರದ ಬಂದೂಕುಗಳು ತನ್ನ ನರಗಳನ್ನು ಕೆಡಿಸಿದವೆಂದು ಅವನು ಮುಂದೆ ಪರಿತಪಿಸಿದ.

ಎಲ್ಲವನ್ನೂ ಬದಲಿಸಿದ್ದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಅದನ್ನು ಕಂಡುಹಿಡಿದ. ಬ್ರಿಟಿಷರು 1889ರಲ್ಲಿ ಕಾರ್ಡೈಟ್ ತಯಾರಿಸಿದರು. ಗುಂಡಿನ ವೇಗ ಒಮ್ಮೆಲೇ ಏರಿತು. ವೇಗ ಏರಿದಾಗ ಬರಿಯ ಸೀಸ ತಡೆಯದು, ಅದಕ್ಕೆ ಲೋಹದ ಕವಚ ಬೇಕಾಯಿತು. 1898ರಲ್ಲಿ ಜಾನ್ ರಿಗ್ಬಿ ಕಂಪನಿ ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್ 480 ಗ್ರೇನ್, ಅಂದರೆ ಸುಮಾರು 31 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 2150 ಅಡಿ ವೇಗದಲ್ಲಿ ಹಾರಿಸುತ್ತಿತ್ತು. ಹಳೆಯ ಗುಂಡಿನ ಕಾಲುಭಾಗದಷ್ಟೇ ತೂಕ, ಆದರೆ ಆಳಕ್ಕೆ ಇಳಿಯುವುದರಲ್ಲಿ ಹಳೆಯದು ಇದರ ಹತ್ತಿರಕ್ಕೂ ಬಾರದು. ಉದ್ದನೆಯ, ತೂಕದ, ಕಿರಿದಾದ ಗುಂಡು ಎಲುಬನ್ನು ಕೊರೆದು ನೇರ ಸಾಗುತ್ತದೆ.

ಇಲ್ಲಿಂದ ಗುಂಡಿನಲ್ಲಿ ಎರಡು ಜಾತಿಯಾಯಿತು. ಆನೆ, ಘೇಂಡಾಮೃಗ, ಕಾಡುಕೋಣಗಳಂಥ ದಪ್ಪ ಚರ್ಮದ ಪ್ರಾಣಿಗಳಿಗೆ ಪೂರ್ತಿ ಕವಚವಿರುವ 'ಸಾಲಿಡ್' ಗುಂಡು. ಸಿಂಹ, ಜಿಂಕೆಗಳಂಥ ತೆಳು ಚರ್ಮದ ಪ್ರಾಣಿಗಳಿಗೆ ತುದಿಯಲ್ಲಿ ಸೀಸ ಬಯಲಾಗಿರುವ ಮೆದು ಗುಂಡು. ಇದು ಮೈಗೆ ಹೊಕ್ಕೊಡನೆ ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಸಿಂಹಕ್ಕೆ ಸಾಲಿಡ್ ಹೊಡೆದರೆ ಗುಂಡು ಹಾಯ್ದುಹೋಗಿ, ಗಾಯಗೊಂಡ ಸಿಂಹ ಪೊದೆ ಸೇರುತ್ತದೆ. ಆನೆಯ ತಲೆಗೆ ಮೆದು ಗುಂಡು ಹೊಡೆದರೆ ಅದು ಮಿದುಳು ಮುಟ್ಟುವುದೇ ಇಲ್ಲ. ತ್ವರಿತ ಸಾವೇ ಕರುಣೆಯ ಸಾವು ಎಂಬುದು ಒಳ್ಳೆಯ ಬೇಟೆಗಾರರ ನೀತಿಯಾಗಿತ್ತು. ಸರಿಯೇ. ಆದರೆ ಇದೇ ಮೆದು ಗುಂಡು ಕಾಡಿನಿಂದ ಯುದ್ಧಭೂಮಿಗೆ ಕಾಲಿಟ್ಟಾಗ ಕರುಣೆಯ ಮಾತು ಬೇರೆಯೇ ಅರ್ಥ ಪಡೆಯಿತು.

1895ರಲ್ಲಿ ಚಿತ್ರಾಲಿನ ಕದನದಲ್ಲಿ ಪಠಾಣರ ಮೇಲೆ ಹೊಸ .303 ರೈಫಲ್ ಬಳಸಿದ ಬ್ರಿಟಿಷ್ ಸೇನೆಗೆ ಒಂದು ದೂರು ಹುಟ್ಟಿತು. ಗುಂಡು ತಿಂದರೂ ಶತ್ರು ನಿಲ್ಲುವುದಿಲ್ಲ ಎಂಬ ದೂರು ಅದು. ಕಲ್ಕತ್ತೆಯ ಬಳಿಯ ದಮ್ ದಮ್ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಗುಂಡಿನ ತುದಿಯ ಕವಚ ತೆಗೆದು ಮೆದು ಗುಂಡು ಮಾಡಿದ. ಆ ಊರಿನ ಹೆಸರೇ ಗುಂಡಿನ ಹೆಸರಾಗಿ ಲೋಕವೆಲ್ಲ ಹಬ್ಬಿತು. 1898ರ ಸುಡಾನ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸಿಪಾಯಿಗಳು ಗುಂಡಿನ ತುದಿಗಳನ್ನು ಅರದಿಂದ ಉಜ್ಜಿ ಇದೇ ಕೆಲಸ ಮಾಡಿಕೊಂಡರು. ಆ ಸೆಪ್ಟೆಂಬರ್ 2ರಂದು ಒಮ್‌ದುರ್ಮಾನಿನಲ್ಲಿ ಒಂದೇ ದಿನ ಮಹದಿಯ ಅನುಯಾಯಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಗೆದ್ದ ಕಡೆಯಲ್ಲಿ ಸತ್ತವರು ಐವತ್ತರ ಒಳಗೆ.

ಮರುವರ್ಷ ಹೇಗ್ ಸಮ್ಮೇಳನದಲ್ಲಿ ಅರಳುವ ಗುಂಡನ್ನು ಯುದ್ಧದಲ್ಲಿ ನಿಷೇಧಿಸುವ ಪ್ರಸ್ತಾಪ ಬಂದಾಗ ಬ್ರಿಟನ್ ವಿರೋಧಿಸಿತು. ಅದರ ಪ್ರತಿನಿಧಿ ಸರ್ ಜಾನ್ ಆರ್ಡಾ ಮಂಡಿಸಿದ ವಾದದ ತಿರುಳು ಇಷ್ಟು: ನಾಗರಿಕ ದೇಶದ ಸೈನಿಕ ಗುಂಡು ತಗುಲಿದೊಡನೆ ಹಿಂದೆ ಸರಿಯುತ್ತಾನೆ, ಮತಾಂಧ ಅನಾಗರಿಕ ಗುಂಡು ತಿಂದೂ ಮುನ್ನುಗ್ಗುತ್ತಾನೆ, ಅವನಿಗೆ ಬೇರೆ ಗುಂಡೇ ಬೇಕು. ಬೇಟೆಯ ಪುಸ್ತಕಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಮುನ್ನುಗ್ಗುವ ಸಿಂಹದ ಬಗ್ಗೆ, ಕಾಡುಕೋಣದ ಬಗ್ಗೆ ಬರೆಯುವ ಭಾಷೆಯೇ ಅದು. 'ತಡೆದು ನಿಲ್ಲಿಸುವ ಶಕ್ತಿ' ಎಂಬ ನುಡಿಗಟ್ಟು ಕಾಡು ಮತ್ತು ಸೇನೆಯ ನಡುವೆ ಆರಾಮವಾಗಿ ಓಡಾಡುತ್ತಿತ್ತು. ಪಠಾಣನನ್ನೂ ಸುಡಾನಿನ ದರವೇಶಿಯನ್ನೂ ದಪ್ಪ ಚರ್ಮದ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದು ಕೇವಲ ದ್ವೇಷವಲ್ಲ, ಒಂದು ಲೆಕ್ಕಾಚಾರ. ನಮ್ಮನ್ನು ಹೆಚ್ಚು ಕಾಡುವುದು ಈ ಲೆಕ್ಕಾಚಾರವೇ. ಪ್ರಸ್ತಾಪ 1899ರಲ್ಲೇ ಅಂಗೀಕಾರವಾಯಿತು. ಬ್ರಿಟನ್ ಒಪ್ಪಿದ್ದು 1907ರಲ್ಲಿ.

ಅದೇ 1907ರ ಸುಮಾರಿಗೆ ಇನ್ನೊಂದು ತಮಾಷೆ ನಡೆಯಿತು. ಭಾರತ ಮತ್ತು ಸುಡಾನಿಗೆ .450 ಅಳತೆಯ ಗುಂಡುಗಳನ್ನು ತರಕೂಡದೆಂದು ಸರಕಾರ ಆಜ್ಞೆ ಮಾಡಿತು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಅದೇ ಅಳತೆಯವು, ದಂಗೆಕೋರರ ಕೈಗೆ ಗುಂಡು ಸಿಕ್ಕೀತೆಂಬ ಭಯ. ಸಾಹೇಬರ ಬೇಟೆ ನಿಲ್ಲುವಂತಿರಲಿಲ್ಲ. ಹಾಗಾಗಿ ಇಂಗ್ಲೆಂಡಿನ ಬಂದೂಕು ಕಂಪನಿಗಳು .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದವು. ಆಫ್ರಿಕಾದ ಆನೆ ಬೇಟೆಯಲ್ಲಿ ಮೆರೆದ .470ರ ಹುಟ್ಟಿನ ಹಿಂದೆ ನಮ್ಮ ಜನರ ಬಗೆಗಿನ ಅಂಜಿಕೆಯಿತ್ತು!

ಹಾಗಾದರೆ ದೊಡ್ಡ ಗುಂಡೇ ಬೇಕೆ? ಕರಮೋಜೋ ಬೆಲ್ ಎಂಬ ಸ್ಕಾಟ್ಲೆಂಡಿನವನು ಬೇಡ ಎಂದ. ಆನೆಯ ಬುರುಡೆಯನ್ನು ಗರಗಸದಿಂದ ಸೀಳಿಸಿ ಮಿದುಳಿನ ಜಾಗ ಗುರುತಿಸಿಕೊಂಡ. 7 ಮಿಲಿಮೀಟರಿನ ಹಗುರ ರೈಫಲ್, 173 ಗ್ರೇನ್ ತೂಕದ ಸಾಲಿಡ್ ಗುಂಡು, ಇವೇ ಅವನ ಮೆಚ್ಚಿನ ಆಯುಧ. ಅವನು ಕೊಂದ ಆನೆಗಳು ಸಾವಿರಕ್ಕೂ ಹೆಚ್ಚು. ಜಾನ್ ಟೇಲರ್ 1948ರ ತನ್ನ ಪುಸ್ತಕದಲ್ಲಿ ಇನ್ನೊಂದು ಸೂತ್ರ ಮುಂದಿಟ್ಟ. ಗುಂಡಿನ ತೂಕ, ವೇಗ, ಅಗಲ ಮೂರನ್ನೂ ಗುಣಿಸಿ ಏಳು ಸಾವಿರದಿಂದ ಭಾಗಿಸಿದರೆ, ಮಿದುಳಿಗೆ ಗುರಿ ತಪ್ಪಿದರೂ ಆನೆಯನ್ನು ಮೂರ್ಛೆ ಕೆಡಹುವ ಶಕ್ತಿ ತಿಳಿಯುತ್ತದೆ ಎಂದ. ಅವನ ಲೆಕ್ಕದಲ್ಲಿ .470ಕ್ಕೆ ಸುಮಾರು 73 ಅಂಕ, ಬೆಲ್ಲನ ರೈಫಲಿಗೆ ಸುಮಾರು 16. ಇಬ್ಬರೂ ಒಂದರ್ಥದಲ್ಲಿ ಸರಿ. ಗುರಿ ತಪ್ಪದವನಿಗೆ ಹದಿನಾರು ಸಾಕು. ತಪ್ಪುವ ಸಾಮಾನ್ಯನಿಗೆ ಎಪ್ಪತ್ತಮೂರು ಬೇಕು. ಎರಡೂ ವಾದದಲ್ಲಿ ಆನೆಯ ಅಭಿಪ್ರಾಯ ಕೇಳಿದವರಿಲ್ಲ.

ಈ ಬಂದೂಕುಗಳನ್ನು ಹೊತ್ತವರು ಯಾರು? ಪೂರ್ವ ಆಫ್ರಿಕಾದಲ್ಲಿ ಬಹಳ ಮಂದಿ ಸ್ವಾಹಿಲಿ ಮುಸಲ್ಮಾನರು. ಪ್ರಾಣಿ ಬಿದ್ದೊಡನೆ ಉಸಿರು ಹೋಗುವ ಮೊದಲೇ ಚೂರಿ ಹಿಡಿದು ಓಡುವ ಬಂದೂಕುಧಾರಿಯ ಚಿತ್ರ ಬೇಟೆಗಾರರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಲಾಲ್ ಆಗದಿದ್ದರೆ ಅವರಿಗೆ ಆ ಮಾಂಸವಿಲ್ಲ. ದೊರೆಯ ಗುಂಡು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವರ ಊಟ ಕಷ್ಟ. 1898ರಲ್ಲಿ ತ್ಸಾವೋದಲ್ಲಿ ಎರಡು ಸಿಂಹಗಳು ರೈಲುಹಳಿ ಹಾಕುತ್ತಿದ್ದ ಕೂಲಿಗಳನ್ನು ಎಳೆದೊಯ್ದಾಗ, ಸತ್ತವರಲ್ಲಿ ಇಪ್ಪತ್ತೆಂಟು ಮಂದಿ ಹಿಂದುಸ್ತಾನದವರೆಂದು ಎಂಜಿನಿಯರ್ ಪ್ಯಾಟರ್‌ಸನ್ ಬರೆದ. ಸತ್ತ ಆಫ್ರಿಕನ್ನರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಎರವಲು ತಂದ ಬಲಿಷ್ಠ ರೈಫಲು ಸಿಂಹದ ಎದುರೇ ಹಾರದೆ ಹೋದದ್ದನ್ನು ಮಾತ್ರ ಆತ ಮರೆಯದೆ ದಾಖಲಿಸಿದ್ದಾನೆ.

1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ ಮಗನೊಂದಿಗೆ ಆಫ್ರಿಕಾಕ್ಕೆ ಬಂದು, ಇಬ್ಬರೂ ಸೇರಿ 512 ಪ್ರಾಣಿಗಳನ್ನು ಹೊಡೆದರು. ಸಿಂಹಕ್ಕೆ ಅವನ ನೆಚ್ಚಿನದು .405 ವಿಂಚೆಸ್ಟರ್. ಅದೇ ಅಳತೆಯ ರೈಫಲಿನಿಂದ ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಕಾಡುಗಳ ನರಭಕ್ಷಕಗಳನ್ನು ಹೊಡೆದ. ತೇಜಸ್ವಿಯವರ ಕನ್ನಡದಲ್ಲಿ ಆ ಕಥೆಗಳನ್ನು ಓದಿದವರಿಗೆ ಆ ರೈಫಲು ಪರಿಚಿತ. ಒಂದೇ ಬಂದೂಕು ಒಬ್ಬನ ಕೈಯಲ್ಲಿ ಸಂಗ್ರಹಾಲಯ ತುಂಬಿತು, ಇನ್ನೊಬ್ಬನ ಕೈಯಲ್ಲಿ ಹಳ್ಳಿಯ ಭಯ ನೀಗಿತು.

ಇಷ್ಟರ ನಡುವೆ ಕಾಡಿನ ಮೂಲನಿವಾಸಿಗಳು ಏನಾದರು? ಕೆನ್ಯಾದ ಕಂಬಾ, ವಾಟಾ ಜನ ಅಕೊಕಾಂಥೆರಾ ಮರದ ವಿಷ ಸವರಿದ ಬಾಣದಿಂದ ಆನೆ ಹೊಡೆಯುತ್ತಿದ್ದರು. ಆ ವಿಷ ಹೃದಯವನ್ನು ನಿಲ್ಲಿಸುತ್ತದೆ. 1900ರಲ್ಲಿ ಲಂಡನ್ನಿನಲ್ಲಿ ವಸಾಹತು ದೇಶಗಳು ವನ್ಯಪ್ರಾಣಿಗಳ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಂದ ಮುಂದೆ ಲೈಸೆನ್ಸ್ ಇರುವವನು ಬೇಟೆಗಾರ, ಬಾಣ ಹಿಡಿದವನು ಕಳ್ಳಬೇಟೆಗಾರ. ಸಾವಿರ ಆನೆ ಕೊಂದವನ ಹೆಸರು ಪುಸ್ತಕದ ಬೆನ್ನ ಮೇಲಾದರೆ, ಒಂದು ಆನೆ ಕೊಂದವನ ಹೆಸರು ಜೈಲಿನ ರಿಜಿಸ್ಟರಿನಲ್ಲಿ.

ಕೆನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಅಷ್ಟರಲ್ಲಿ ಡಬಲ್ ರೈಫಲಿನ ಜಾಗಕ್ಕೆ ಎ.ಕೆ. 47 ಬರತೊಡಗಿತ್ತು. ಅದಕ್ಕೆ ಬೆಲ್ಲನ ಗುರಿಯೂ ಬೇಡ, ಟೇಲರನ ಸೂತ್ರವೂ ಬೇಡ. 1979ರಲ್ಲಿ ಸುಮಾರು ಹದಿಮೂರು ಲಕ್ಷವೆಂದು ಅಂದಾಜು ಮಾಡಿದ್ದ ಆಫ್ರಿಕಾದ ಆನೆಗಳು ಹತ್ತು ವರ್ಷಗಳಲ್ಲಿ ಅರ್ಧಕ್ಕಿಳಿದವು. 1989ರಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. 2016ರಲ್ಲಿ ಪ್ರಕಟವಾದ ಗಣತಿಯಲ್ಲಿ ಹದಿನೆಂಟು ದೇಶಗಳ ಬಯಲುಸೀಮೆಗಳಲ್ಲಿ ಲೆಕ್ಕಕ್ಕೆ ಸಿಕ್ಕ ಆನೆಗಳು 3,52,271.

ಗುಂಡಿನ ಲೆಕ್ಕವನ್ನು ನೂರೈವತ್ತು ವರ್ಷಗಳ ಕಾಲ ಗ್ರೇನ್ ಗ್ರೇನಾಗಿ ತೂಗಿದವರು, ಕಾಡಿನಲ್ಲಿ ಉಳಿದಿರುವ ಜೀವಗಳನ್ನು ಒಂದೊಂದಾಗಿ ಎಣಿಸಲು ಕುಳಿತದ್ದು ಬಹಳ ತಡವಾಗಿ. ಒಮ್‌ದುರ್ಮಾನಿನ ಮರಳಿನಲ್ಲಿ ಬಿದ್ದವರನ್ನೂ ತ್ಸಾವೋದ ಹಳಿಯ ಪಕ್ಕ ಸತ್ತ ಹೆಸರಿಲ್ಲದ ಆಫ್ರಿಕನ್ನರನ್ನೂ ಒಬ್ಬೊಬ್ಬರಾಗಿ ಎಣಿಸುವ ಕೆಲಸ ಇನ್ನೂ ಹಾಗೆಯೇ ಉಳಿದಿದೆ.